ಮಗುವಿನ ಮಾತಿಗೆ ಮರುಮಾತು ಯಾರದು?

(ತಿಪಟೂರಿನಲ್ಲಿ ಸೇರಿದ್ದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ - ಈ ಮೂರು ತಾಲೂಕುಗಳಿಂದ ಬಂದವರು ಇಲ್ಲಿ ಸೇರಿದ್ದೀರಿ. ನಿಮ್ಮಲ್ಲಿ ಹಲವರ ಅನ್ನ ತೆಂಗಿನ ಮರದಿಂದ ಬರುತ್ತದೆ. ಕಾಯಿ ವ್ಯಾಪಾರ, ಕೊಬ್ಬರಿ ಮಂಡಿ, ಕಾಯಿ ಸುಲಿಯುವ ಕೆಲಸ, ನಾರಿನ ಕಾರ್ಖಾನೆ, ಲಾರಿ, ಗ್ಯಾರೇಜು. ಆದ್ದರಿಂದ ಮೊಬೈಲ್ ಫೋನಿನ ಉಪಯೋಗವೇನೆಂದು ನಾವು ನಿಮಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿಯ ಹರಾಜು ಇ-ಟೆಂಡರ್ ಮೂಲಕ ನಡೆಯತೊಡಗಿ ವರ್ಷಗಳೇ ಸಂದಿವೆ. ಇಲ್ಲಿ ದರ ಎಷ್ಟಕ್ಕೆ ನಿಂತಿತೆಂಬುದು ಅದೇ ದಿನ ಹುಳಿಯಾರಿಗೂ ನೊಣವಿನಕೆರೆಗೂ ಮಾಯಸಂದ್ರಕ್ಕೂ ತಲುಪುತ್ತದೆ. ಹೀಗಿರುವಾಗ ಮೊಬೈಲನ್ನು ಶೈತಾನನೆಂದು ಬೈದು ಚಪ್ಪಾಳೆ ಗಿಟ್ಟಿಸುವ ಭಾಷಣ ಅಪ್ರಾಮಾಣಿಕವಾದೀತು. ಬೈದವರೂ ವೇದಿಕೆಯಿಂದ ಇಳಿದೊಡನೆ ಜೇಬಿಗೆ ಕೈ ಹಾಕುತ್ತಾರೆ. ಹಾಗೆಯೇ ಪ್ರತಿ ಸಭೆಯಲ್ಲೂ 'ಇಕ್ರಾ' ಎಂಬ ಪದದಿಂದ ಆರಂಭಿಸಿ ಅಲ್ಲಿಗೇ ಮುಗಿಸಿಬಿಡುವ ಅಭ್ಯಾಸವೊಂದು ನಮ್ಮ ಭಾಷಣಕಾರರಲ್ಲಿದೆ. ಇಂದು ಅದನ್ನು ಬದಿಗಿಟ್ಟು ನೇರವಾಗಿ ಮನೆಯೊಳಗೆ ಹೋಗೋಣ.

ಮಂಡಿಯಲ್ಲಿ ನಮ್ಮ ಕೈಯ ಸಾಧನವಾಗಿರುವ ಈ ಯಂತ್ರ ಮನೆಯ ಹೊಸ್ತಿಲು ದಾಟಿದ ಮೇಲೆ ಏನಾಗುತ್ತದೆ? ಮಗು ಅತ್ತರೆ ಫೋನು. ಉಣ್ಣದಿದ್ದರೆ ಫೋನು. ತಾಯಿಗೆ ಒಲೆಯ ಮುಂದೆ ಕೆಲಸವಿದ್ದರೆ ಫೋನು. ತಂದೆ ದಣಿದು ಬಂದಿದ್ದರೆ ಫೋನು. ಹಿಂದೆ ಈ ಎಲ್ಲ ಜಾಗಗಳಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ. ದಾದಿಯೋ ನಾನಿಯೋ, ಪಕ್ಕದ ಮನೆಯ ಖಾಲಾರೋ ಇರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಓದಿದವರಾಗಿರಲಿಲ್ಲ. ಆದರೆ ಮಗು 'ಅದೇನು' ಎಂದರೆ ಉತ್ತರ ಕೊಡುತ್ತಿದ್ದರು, ತೊದಲಿದರೆ ನಕ್ಕು ತಿದ್ದುತ್ತಿದ್ದರು, ಹಟ ಮಾಡಿದರೆ ಗದರುತ್ತಿದ್ದರು. ಮಗುವಿನ ಪ್ರತಿ ಮಾತಿಗೂ ಒಂದು ಮರುಮಾತು ಇತ್ತು. ಫೋನು ಮಗುವಿನ ಮುಂದೆ ಗಂಟೆಗಟ್ಟಲೆ ಮಾತಾಡುತ್ತದೆ. ಮಗು ಏನೆಂದಿತೆಂಬುದು ಅದಕ್ಕೆ ಬೇಕಿಲ್ಲ. ಇಂದು ನಾವು ಹೇಳಬಯಸುವುದು ಮುಖ್ಯವಾಗಿ ಈ ಒಂದು ನಷ್ಟದ ಬಗ್ಗೆ.

ಮಗುವಿಗೆ ಭಾಷೆ ಹೇಗೆ ಬರುತ್ತದೆ ಎಂಬುದರ ಬಗ್ಗೆ 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ಇಲ್ಲಿ ನೆನಪಿಸಬೇಕು. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಪ್ಯಾಟ್ರೀಷಿಯಾ ಕೂಲ್ ಮತ್ತು ಅವರ ಸಂಗಡಿಗರು ಒಂಬತ್ತು ತಿಂಗಳ ಶಿಶುಗಳ ಮೇಲೆ ನಡೆಸಿದ ಪ್ರಯೋಗವದು. ಇಂಗ್ಲಿಷ್ ಮಾತಾಡುವ ಮನೆಗಳ ಶಿಶುಗಳಿಗೆ ಅವರು ಚೀನೀ ಭಾಷೆ ಕೇಳಿಸಿದರು. ಕೆಲವು ಶಿಶುಗಳ ಎದುರಿಗೆ ಚೀನೀ ಮಾತಾಡುವ ವ್ಯಕ್ತಿಯೇ ಕುಳಿತು ಆಟಿಕೆ ತೋರಿಸಿ, ಪುಸ್ತಕ ಓದಿ, ಕಣ್ಣಲ್ಲಿ ಕಣ್ಣಿಟ್ಟು ಆಡಿಸಿದರು. ಹನ್ನೆರಡು ಬಾರಿ ಹೀಗೆ ಮಾಡಿದ ಮೇಲೆ ಆ ಶಿಶುಗಳು ಚೀನೀ ಭಾಷೆಯ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಬಲ್ಲವಾಗಿದ್ದವು. ಬೇರೆ ಶಿಶುಗಳಿಗೆ ಅದೇ ವ್ಯಕ್ತಿಗಳನ್ನು, ಅದೇ ಮಾತುಗಳನ್ನು, ಅಷ್ಟೇ ಹೊತ್ತು ಪರದೆಯ ಮೇಲೆ ತೋರಿಸಲಾಯಿತು. ಅವು ನೋಡಿದವು. ಆದರೆ ಏನನ್ನೂ ಕಲಿಯಲಿಲ್ಲ. ಮಾತು ಒಂದೇ, ಮುಖ ಒಂದೇ, ಹೊತ್ತು ಒಂದೇ. ಶಿಶುವಿನ ಕಡೆಗೆ ತಿರುಗಿ ಅದಕ್ಕೆ ಸ್ಪಂದಿಸುವ ಜೀವ ಮಾತ್ರ ಅಲ್ಲಿರಲಿಲ್ಲ.

ಮದ್ರಸದಲ್ಲಿ ಕಲಿತವರಿಗೆ ಇದು ಹೊಸ ಸಂಗತಿಯಾಗಿ ತೋರದು. ಹಿಫ್ಝ್ ಮಾಡುವ ಹುಡುಗ ಬೆಳಗ್ಗೆ ಉಸ್ತಾದರ ಮುಂದೆ ಕುಳಿತು ಸಬಕ್ ಒಪ್ಪಿಸುತ್ತಾನೆ. ಹಿಂದಿನ ದಿನಗಳ ಪಾಠವನ್ನು ಪುನಃ ಕೇಳಿಸುತ್ತಾನೆ. ಉಸ್ತಾದರು ಕಣ್ಣು ಮುಚ್ಚಿ ಕುಳಿತಿದ್ದರೂ, ಗಂಟಲಿನಿಂದ ಬರಬೇಕಾದ ಅಕ್ಷರ ನಾಲಿಗೆಯ ತುದಿಯಿಂದ ಬಂದರೆ ತಕ್ಷಣ ತಡೆಯುತ್ತಾರೆ. ಜಗತ್ತಿನ ಅತ್ಯುತ್ತಮ ಖಾರಿಗಳ ಪಾರಾಯಣ ಇಂದು ಪ್ರತಿ ಫೋನಿನಲ್ಲೂ ಸಿಗುತ್ತದೆ. ಅದನ್ನು ಆಲಿಸುವುದು ಒಳ್ಳೆಯದೇ. ಆದರೆ ನಿಮ್ಮ ಮಗ ಯಾವ ಅಕ್ಷರದಲ್ಲಿ ತಪ್ಪಿದನೆಂದು ಆ ಖಾರಿಗೆ ತಿಳಿಯದು. ಹಾಗೆಂದು ನಮ್ಮ ಮದ್ರಸಗಳನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಕೇಳಿಸಿಕೊಳ್ಳುವುದೆಂದರೆ ಬೆತ್ತ ಹಿಡಿದು ಕುಳಿತುಕೊಳ್ಳುವುದೆಂದು ತಿಳಿದಿರುವ ಉಸ್ತಾದರು ಇನ್ನೂ ಇದ್ದಾರೆ. 'ಇದರ ಅರ್ಥವೇನು ಹಝ್ರತ್' ಎಂದು ಕೇಳಿದ ಮಗುವಿನ ಬಾಯಿ ಮುಚ್ಚಿಸುವವರಿದ್ದಾರೆ. ಅಂತಹ ತರಗತಿಗೂ ಪರದೆಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡೂ ಒಂದೇ ದಿಕ್ಕಿನಲ್ಲಿ ಮಾತಾಡುತ್ತವೆ.

ನಮ್ಮ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರವಾಗಲು ಒಂದು ವಿಶೇಷ ಕಾರಣವಿದೆ. ಐದಾರು ವರ್ಷದ ನಮ್ಮ ಮಗು ನಾಲ್ಕು ಭಾಷೆಗಳ ನಡುವೆ ನಿಂತಿರುತ್ತದೆ. ಮನೆಯಲ್ಲಿ ದಖನಿ ಉರ್ದು. ಬೀದಿಯಲ್ಲಿ, ಅಂಗಡಿಯಲ್ಲಿ, ಹೆಚ್ಚಿನ ಸರಕಾರಿ ಶಾಲೆಗಳಲ್ಲಿ ಕನ್ನಡ. ಮದ್ರಸದಲ್ಲಿ ಅರಬಿ ಅಕ್ಷರ. ಹೆತ್ತವರ ಆಸೆಯಲ್ಲಿ ಇಂಗ್ಲಿಷ್. ಇದನ್ನು ಹೊರೆ ಎನ್ನುವವರಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ. ಮಗುವಿಗೆ ಇಷ್ಟು ಭಾಷೆಗಳನ್ನು ನಿಭಾಯಿಸುವ ಶಕ್ತಿಯನ್ನು ಸೃಷ್ಟಿಕರ್ತನೇ ಕೊಟ್ಟಿದ್ದಾನೆ. ಆದರೆ ಒಂದೊಂದು ಭಾಷೆಯಲ್ಲೂ ಅದರೊಡನೆ ಮಾತಾಡುವ ಜನರು ಇರಬೇಕು. ಈಗ ಫೋನು ಐದನೆಯ ಭಾಷೆಯೊಂದನ್ನು ತಂದಿದೆ, ಕಾರ್ಟೂನಿನ ಹಿಂದಿ. ಮಗು ಅದರಲ್ಲಿ ಉದ್ದುದ್ದ ಸಂಭಾಷಣೆಗಳನ್ನು ಒಪ್ಪಿಸುತ್ತದೆ, ಹೆತ್ತವರು ಬೆರಗಾಗಿ ನೆಂಟರ ಮುಂದೆ ಮತ್ತೆ ಹೇಳಿಸುತ್ತಾರೆ. ಅದೇ ಮಗುವನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿ ಹೊಂಬಾಳೆ ಯಾವುದು, ಮಟ್ಟೆ ಯಾವುದು, ಚಿಪ್ಪು ಯಾವುದು ಎಂದು ಕೇಳಿ ನೋಡಿ. ಮನೆಯ ಭಾಷೆಯಲ್ಲಾದರೂ ಹೇಳಲಿ. ತೆಂಗಿನ ನಾಡಿನ ಮಗುವಿಗೆ ತೆಂಗಿನ ಹೆಸರುಗಳೇ ತಿಳಿಯದಿದ್ದರೆ ಅದು ಹೇಳುವ ಕಾರ್ಟೂನಿನ ಸಂಭಾಷಣೆಯನ್ನು ಕಲಿಕೆ ಎಂದು ಕರೆಯಬಹುದೇ? ಕನ್ನಡದ ದೊಡ್ಡ ವಿದ್ವಾಂಸರಾದ ತೀ.ನಂ.ಶ್ರೀಕಂಠಯ್ಯನವರು ಇದೇ ಚಿಕ್ಕನಾಯಕನಹಳ್ಳಿ ತಾಲೂಕಿನ ತೀರ್ಥಪುರದವರು. ಈ ನೆಲದ ಕನ್ನಡ ಬಡವಾದುದೇನಲ್ಲ. ನಮ್ಮ ದಖನಿಯೂ ಬಡವಲ್ಲ. ಅದನ್ನು 'ಬಿಗಡೀ ಹುವೀ ಉರ್ದು' ಎಂದು ನಾಚಿಕೊಂಡು, ಬಾರದ ಇಂಗ್ಲಿಷಿನಲ್ಲಿ ಮಗುವಿಗೆ 'ಕಮ್, ಸಿಟ್, ಈಟ್' ಎನ್ನುವ ತಾಯಂದಿರು ಹೆಚ್ಚುತ್ತಿದ್ದಾರೆ. ಸಹೋದರಿಯರೇ, ನಿಮಗೆ ನಿರರ್ಗಳವಾಗಿ ಬರುವ ಭಾಷೆಯಲ್ಲಿ ಮಾತಾಡಿರಿ. ಮೂರು ಪದಗಳ ಇಂಗ್ಲಿಷಿಗಿಂತ ಮುನ್ನೂರು ಪದಗಳ ದಖನಿ ಮಗುವಿನ ಬುದ್ಧಿಯನ್ನು ಹೆಚ್ಚು ಬೆಳೆಸುತ್ತದೆ. ಒಂದು ಭಾಷೆಯಲ್ಲಿ ಆಲೋಚಿಸಲು ಕಲಿತ ಮಗುವಿಗೆ ಮತ್ತೊಂದು ಭಾಷೆ ಸುಲಭವಾಗುತ್ತದೆ.

ಇನ್ನು ಶಾಲೆಯ ಮಾತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಆ ನಡುವೆ ನಡೆದದ್ದನ್ನು ನಾವು ಬೇಗನೆ ಮರೆತುಬಿಟ್ಟಿದ್ದೇವೆ. ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದು 2020ರ ಜೂನ್‌ನಲ್ಲಿ ರಾಜ್ಯ ಸರಕಾರ ಹೇಳಿತು. ಜುಲೈಯಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಖಾಸಗಿ ಶಾಲೆಗಳ ಮಕ್ಕಳು ಪರದೆಯ ಮುಂದೆ ಕುಳಿತರು. ಸರಕಾರಿ ಶಾಲೆಯ ಮಕ್ಕಳಿಗೆ ಚಂದನ ವಾಹಿನಿಯ ಪಾಠವೂ, ಆಗಸ್ಟ್‌ನಿಂದ ವಿದ್ಯಾಗಮವೂ ಬಂದವು. ಶಿಕ್ಷಕರೇ ಊರಿನೊಳಗೆ ಬಂದು ಮರದ ಕೆಳಗೆ, ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕಲಿಸುವ ವಿದ್ಯಾಗಮ ಆ ಕಾಲದ ಯೋಜನೆಗಳಲ್ಲೆಲ್ಲ ಮಕ್ಕಳಿಗೆ ಹೆಚ್ಚು ಹತ್ತಿರವಾದದ್ದೆಂದು ನಮ್ಮ ಅಭಿಪ್ರಾಯ. ಸೋಂಕು ಹರಡುವ ಭಯದಿಂದ ಅದೂ ಅಕ್ಟೋಬರ್‌ನಲ್ಲಿ ನಿಂತು, ಮುಂದಿನ ವರ್ಷದ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಫಲಿತಾಂಶವೇನು? ಗ್ರಾಮೀಣ ಕರ್ನಾಟಕದಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲ ಐದನೇ ತರಗತಿಯ ಮಕ್ಕಳು 2018ರ ಅಸರ್ ಸಮೀಕ್ಷೆಯಲ್ಲಿ ಶೇ. 46ರಷ್ಟಿದ್ದರು. 2022ರಲ್ಲಿ ಅದು ಸುಮಾರು ಶೇ. 30ಕ್ಕೆ ಇಳಿದಿತ್ತು. 2020ರಲ್ಲಿ ಒಂದನೇ ತರಗತಿಗೆ ಸೇರಬೇಕಾಗಿದ್ದ ಮಕ್ಕಳು ಇಂದು ಆರು, ಏಳನೇ ತರಗತಿಯ ಆಸುಪಾಸಿನಲ್ಲಿದ್ದಾರೆ. ಅಕ್ಷರ ಕಲಿಯುವ ವಯಸ್ಸಿನಲ್ಲಿ ಅವರ ಕೈಗೆ ಶಿಕ್ಷಕರ ಬದಲು ಫೋನು ಬಂತು. 'ನನ್ನ ಮಗನಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಬರೀ ಮೊಬೈಲು' ಎಂದು ಇಂದು ದೂರುವ ಹೆತ್ತವರು ಒಂದು ಕ್ಷಣ ಆಲೋಚಿಸಬೇಕು. ಆಸಕ್ತಿ ಇಲ್ಲವೋ, ಅಥವಾ ಪಠ್ಯಪುಸ್ತಕವನ್ನು ತಡವರಿಸದೆ ಓದಲು ಬರುವುದೇ ಇಲ್ಲವೋ? ಓದಲು ಬಾರದ ಹುಡುಗ ಪುಸ್ತಕದಿಂದ ಓಡುವುದು ಸಹಜ. ಫೋನಿನಲ್ಲಿ ಅಕ್ಷರವಿಲ್ಲದೆಯೂ ಎಲ್ಲವೂ ಸಿಗುತ್ತದೆ. ಇಂದೇ ಮನೆಗೆ ಹೋಗಿ ಆರನೇ ತರಗತಿಯ ಮಗನಿಂದ ಮೂರನೇ ತರಗತಿಯ ಪುಸ್ತಕದ ಒಂದು ಪುಟ ಓದಿಸಿ ನೋಡಿರಿ. ಬಾರದಿದ್ದರೆ ಹೊಡೆಯಬೇಡಿ. ಮರುದಿನ ಶಾಲೆಗೆ ಹೋಗಿ ಶಿಕ್ಷಕರೊಡನೆ ಮಾತಾಡಿರಿ.

ನಮ್ಮ ಮಕ್ಕಳೆಲ್ಲ ಮದ್ರಸಗಳಲ್ಲಿದ್ದಾರೆಂದು ಹೊರಗಿನವರು ಭಾವಿಸುತ್ತಾರೆ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಕಲಿಯುವವರು ಶೇ. 3ರಷ್ಟು ಮಾತ್ರವೆಂದು 2006ರಲ್ಲೇ ಸಾಚಾರ್ ಸಮಿತಿ ಹೇಳಿತ್ತು. ಆದ್ದರಿಂದ ಸರಕಾರಿ ಶಾಲೆಯ ಪ್ರಶ್ನೆ ನಮ್ಮ ಪ್ರಶ್ನೆಯೇ ಆಗಿದೆ. ಇಲ್ಲಿ ಸರಕಾರಗಳ ಹೊಣೆಯನ್ನೂ ಹೇಳಲೇಬೇಕು. 2015ರಲ್ಲಿ 'ಡಿಜಿಟಲ್ ಇಂಡಿಯಾ' ಎಂದು ಘೋಷಿಸಿದ ಕೇಂದ್ರ ಸರಕಾರವೇ 2022ರಲ್ಲಿ ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಎಂಟನೇ ತರಗತಿಯವರೆಗೆ ಶಿಕ್ಷಣ ಉಚಿತ ಎಂಬುದು ಅದು ಕೊಟ್ಟ ಕಾರಣ. ಶಿಕ್ಷಣ ಉಚಿತವಾಗಿರುವುದು ಶಾಲೆಯ ಗೇಟಿನೊಳಗೆ. ಚಪ್ಪಲಿ, ಬಸ್ಸು, ನೋಟ್‌ಬುಕ್ಕು, ಈಗ ಡೇಟಾ ರೀಚಾರ್ಜು - ಇವು ಯಾವ ಕಾಯ್ದೆಯಡಿ ಉಚಿತ? ಶಿಕ್ಷಕರನ್ನು ಕೊಡಲಾಗದ ಸರಕಾರ ಆ್ಯಪ್ ಕೊಟ್ಟು ಕೈ ತೊಳೆದುಕೊಳ್ಳಬಾರದು. ಪಠ್ಯಪುಸ್ತಕದಲ್ಲಿ ಮುದ್ರಿಸಿರುವ ಚೌಕಾಕಾರದ ಕ್ಯೂಆರ್ ಸಂಕೇತವನ್ನು ಫೋನಿನಿಂದ ತೆರೆದರೆ 'ದೀಕ್ಷಾ'ದಲ್ಲಿ ಆ ಪಾಠದ ವೀಡಿಯೋ ಸಿಗುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ವೀಡಿಯೋ ಮುಗಿದ ಮೇಲೆ 'ಅರ್ಥವಾಯಿತೇ' ಎಂದು ಕೇಳಲು ಅಲ್ಲೊಬ್ಬರು ಇರಬೇಕಲ್ಲ?

ಈಗ ಕೃತಕ ಬುದ್ಧಿಮತ್ತೆ ಉತ್ತರಿಸುತ್ತದಲ್ಲ ಎಂದು ಕಾಲೇಜಿನ ಯುವಕರು ಹೇಳಿಯಾರು. ನಿಜ, 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೂ ಮರುಮಾತಾಡುತ್ತದೆ, ಕನ್ನಡ ಉರ್ದುಗಳಲ್ಲೂ ಉತ್ತರ ಕೊಡುತ್ತದೆ. ದೊಡ್ಡ ಮಕ್ಕಳು ಅದರಿಂದ ಪ್ರಯೋಜನ ಪಡೆಯಬಹುದು, ಮೊದಲು ತಾವೇ ಬರೆದು ಆಮೇಲೆ ಅದನ್ನು ಕೇಳಿದರೆ. ಆದರೆ ಹೋಮ್‌ವರ್ಕ್ ಪೂರ್ತಿ ಅದರಿಂದ ಬರೆಸಿಕೊಂಡು ನಕಲು ಮಾಡುವ ಹುಡುಗನಿಗೆ ಕೈಬರಹದ ಅಭ್ಯಾಸವಾದೀತೇ ಹೊರತು ಗಣಿತ ಬಾರದು. ಅದು ತಪ್ಪು ಉತ್ತರವನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಅದು ತಪ್ಪೆಂದು ತಿಳಿಯಬೇಕಾದರೆ ವಿದ್ಯೆ ಮೊದಲೇ ತಲೆಯಲ್ಲಿರಬೇಕು.

ಯಾವ ವಯಸ್ಸಿಗೆ ಎಷ್ಟು ಎಂಬ ಪ್ರಶ್ನೆಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆಯಂತೆ ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಲೇಸು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎರಡು ವರ್ಷದವರೆಗೆ ಬೇಡವೇ ಬೇಡ ಎನ್ನುತ್ತದೆ. ಮೂರು, ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕು. ನಮ್ಮ ಮನೆಗಳಾದರೋ ಚಿಕ್ಕವು. ಐದು ಜನ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ ತಂದೆ ರಾತ್ರಿ ಹನ್ನೆರಡರವರೆಗೆ ರೀಲ್ಸ್ ನೋಡುತ್ತಿದ್ದರೆ ಮಗು ಎಲ್ಲಿ ನಿದ್ರಿಸಬೇಕು? ಮಕ್ಕಳ ಮೊಬೈಲ್ ಚಟವೆಂದು ನಾವು ಕರೆಯುವುದರ ಬಹುಪಾಲು ದೊಡ್ಡವರ ಮೊಬೈಲ್ ಚಟವೇ ಆಗಿದೆ. ಮಗುವಿಗೆ ಸ್ವಂತ ಫೋನಿಲ್ಲ, ಅದು ನೋಡುತ್ತಿರುವುದು ನಿಮ್ಮದನ್ನೇ. ರಾತ್ರಿ ಊಟದಿಂದ ಬೆಳಗಿನ ಫಜ್ರ್‌ವರೆಗೆ ಮನೆಯ ಫೋನುಗಳೆಲ್ಲ ಅಡುಗೆಕೋಣೆಯ ಗೂಡಿನಲ್ಲಿ ಇರಲಿ. ಅಲಾರಮ್ ಬೇಕೆಂದು ನೆಪ ಹೇಳುವವರಿಗೆ ಪೇಟೆಯಲ್ಲಿ ಗಡಿಯಾರ ಇನ್ನೂ ಸಿಗುತ್ತದೆ.

ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿಯ ದೋಷ ಬರುವ ಸಂಭವ ಕಡಿಮೆಯೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ನಮ್ಮ ಸುತ್ತ ಮೂರು ತಾಲೂಕಿನ ತೋಟಗಳಿವೆ. ಮಕ್ಕಳನ್ನು ಆಡಲು ಬಿಡಲು ಬೇರೆ ಯಾವ ಊರಿನವರಿಗೆ ಇಷ್ಟು ನೆರಳು ಸಿಕ್ಕೀತು? ಆತುರ ಪಡಬಾರದೆಂಬುದನ್ನಂತೂ ನಿಮಗೆ ಹೇಳಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನಾಗಿ ಆರಿ ಕೊಬ್ಬರಿ ಚಿಪ್ಪಿನಿಂದ ಬಿಡುವವರೆಗೆ ಹತ್ತು, ಹನ್ನೊಂದು ತಿಂಗಳು ಕಾಯುವವರು ನೀವು. ನಡುವೆ ಒಡೆದರೆ ಉಂಡೆ ಕೊಬ್ಬರಿ ಸಿಗದು. ಆದರೆ ಮಗು ಮೂರನೇ ವರ್ಷಕ್ಕೆ ಎಬಿಸಿಡಿ ಒಪ್ಪಿಸಬೇಕೆಂದು ಅದರ ಕೈಗೆ ಆ್ಯಪ್ ಕೊಡುತ್ತೇವೆ!

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ, ಏಕೆಂದರೆ ಇಲ್ಲಿ ನಮ್ಮ ಸಮುದಾಯ ಎರಡು ತಕ್ಕಡಿಗಳನ್ನು ಇಟ್ಟುಕೊಂಡಿದೆ. 2024ರ ಅಸರ್ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಪ್ರದೇಶದಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ 14ರಿಂದ 16 ವರ್ಷದ ಹುಡುಗರಲ್ಲಿ ಶೇ. 36ರಷ್ಟು ಮಂದಿಗೆ ಸ್ವಂತ ಫೋನಿತ್ತು, ಹುಡುಗಿಯರಲ್ಲಿ ಶೇ. 27ರಷ್ಟು ಮಂದಿಗೆ. ಹಿಂದಿನ ಒಂದು ವಾರದಲ್ಲಿ ಫೋನನ್ನು ಕಲಿಕೆಗೆ ಬಳಸಿದ ಮಕ್ಕಳು ಶೇ. 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇ. 76. ಇದು ಎಲ್ಲ ಸಮುದಾಯಗಳ ಲೆಕ್ಕ. ನಮ್ಮ ಮನೆಗಳಲ್ಲಿ ನಡೆಯುವುದೇನೆಂದು ನಿಮಗೇ ಗೊತ್ತು. ಹುಡುಗನಿಗೆ ಎಸೆಸೆಲ್ಸಿ ಮುಗಿಯುವ ಮೊದಲೇ ಫೋನು, ಅವನು ಅದರಲ್ಲಿ ಏನು ನೋಡುತ್ತಾನೆಂದು ಕೇಳುವವರಿಲ್ಲ. ಹುಡುಗಿಗೆ ಫೋನೇ ಬೇಡ, ಮಾನದ ಪ್ರಶ್ನೆ. ಆದರೆ ಇಂದು ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿನ ಪ್ರವೇಶ, ಸಿಇಟಿ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶಿಕ್ಷಣ ಸಾಲ, ಎಲ್ಲವೂ ಆನ್‌ಲೈನ್. ಒಟಿಪಿ ಬರುವುದು ಅಣ್ಣನ ಫೋನಿಗೆ. ಅಣ್ಣ ಮಂಡಿಯಲ್ಲಿರುತ್ತಾನೆ. ಕೊನೆಯ ದಿನಾಂಕ ಹೀಗೆ ದಾಟಿ ಹೋಗಿ ಮನೆಯಲ್ಲಿ ಕುಳಿತ ಹುಡುಗಿಯರು ಎಷ್ಟು ಜನ!

ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುತ್ತಿಲ್ಲ. 2021ರಲ್ಲಿ ಒಮ್ಮೆ, 2022ರ ಜನವರಿ ಒಂದರಂದು ಮತ್ತೊಮ್ಮೆ, ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಆ್ಯಪ್‌ನಲ್ಲಿ 'ಹರಾಜಿಗೆ' ಇಟ್ಟ ನೀಚ ಕೃತ್ಯ ನಡೆಯಿತು. ಅದಕ್ಕೆ ಗುರಿಯಾದವರು ಪತ್ರಕರ್ತೆಯರು, ವಕೀಲೆಯರು, ಬಾಯಿ ಬಿಟ್ಟು ಮಾತಾಡಿದ ಹೆಣ್ಣುಮಕ್ಕಳು. ಅವರು ದೂರು ಕೊಟ್ಟರು, ಆರೋಪಿಗಳ ಬಂಧನವಾಯಿತು. ಎರಡನೆಯ ಪ್ರಕರಣದಲ್ಲಿ ಬಂಧಿತರಾದವರ ವಯಸ್ಸು ನೋಡಿದಾಗ ನಮಗೆ ಹೆಚ್ಚು ಆಘಾತವಾಯಿತು. ಹದಿನೆಂಟು, ಇಪ್ಪತ್ತು, ಇಪ್ಪತ್ತೊಂದು. ಅವರಲ್ಲಿ ಕಾಲೇಜು ವಿದ್ಯಾರ್ಥಿಗಳಿದ್ದರು, ಒಬ್ಬ ಹುಡುಗಿಯೂ ಇದ್ದಳು. ಅವರೂ ಯಾರದೋ ಮನೆಯ ಮಕ್ಕಳೇ. ಕೋಣೆಯ ಬಾಗಿಲು ಹಾಕಿಕೊಂಡು ಪರದೆಯ ಮುಂದೆ ಕುಳಿತ ಮಗ ಓದುತ್ತಿದ್ದಾನೆಂದು ಅವರ ಹೆತ್ತವರೂ ನಂಬಿದ್ದಿರಬಹುದು. ನಮ್ಮ ಮಗ ಬೇರೆಯವರ ಮಗಳ ಬಗ್ಗೆ ಏನು ಬರೆಯುತ್ತಿದ್ದಾನೆ, ಯಾವ ಚಿತ್ರವನ್ನು ಯಾರಿಗೆ ಕಳುಹಿಸುತ್ತಿದ್ದಾನೆ ಎಂಬುದು ನಮಗೆ ತಿಳಿದಿದೆಯೇ? ಮಗಳ ಫೋನು ಕಿತ್ತುಕೊಳ್ಳುವ ಮೊದಲು ಮಗನ ಫೋನಿನ ಬಗ್ಗೆ ಕೇಳಿರಿ. ಮಗಳಿಗೆ ಯಾರಾದರೂ ಕೆಟ್ಟ ಸಂದೇಶ ಕಳುಹಿಸಿದರೆ ಅವಳು ಮೊದಲು ಬಂದು ಹೇಳಬೇಕಾದದ್ದು ನಿಮ್ಮೊಡನೆ. ಹೇಳಿದರೆ ಫೋನೂ ಹೋಗುತ್ತದೆ, ಕಾಲೇಜೂ ಹೋಗುತ್ತದೆ ಎಂಬ ಭಯವಿದ್ದರೆ ಅವಳು ಹೇಳುವುದಿಲ್ಲ. ಬೆದರಿಸುವವನ ಬಲವೆಲ್ಲ ಆ ಮೌನದಲ್ಲಿದೆ. ಸೈಬರ್ ವಂಚನೆಗೆ 1930, ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಗಳನ್ನು ಬರೆದು ಗೋಡೆಗೆ ಅಂಟಿಸಿರಿ.

ಹುಡುಗರ ಆಟಗಳ ಬಗ್ಗೆ ಒಂದೆರಡು ಮಾತು ಸಾಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಜೂಜು ಹರಾಮ್ ಎಂದು ತಿಳಿದ ಸಮುದಾಯದ ಯುವಕರು ಅದೇ ಜೂಜಿಗೆ 'ಫ್ಯಾಂಟಸಿ' ಎಂಬ ಹೆಸರಿಟ್ಟಾಗ ಹಣ ಕಳೆದುಕೊಂಡದ್ದು ನಾಚಿಕೆಯ ವಿಷಯ. ಕಾಯ್ದೆ ಬಂದರೂ ಕಳ್ಳದಾರಿಗಳು ಇದ್ದೇ ಇರುತ್ತವೆ. ಹುಡುಗ ಊಟ ನಿದ್ದೆ ಬಿಟ್ಟು ಆಟಕ್ಕೆ ಅಂಟಿಕೊಂಡಿದ್ದರೆ, ಫೋನು ಕಸಿದಾಗ ಕೈ ಮಾಡುವಷ್ಟು ಕೆರಳುತ್ತಿದ್ದರೆ, ಅದನ್ನು ಅಹಂಕಾರವೆಂದು ತಿಳಿಯದೆ ವೈದ್ಯರಿಗೆ ತೋರಿಸಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕಾಗಿ ಪ್ರತ್ಯೇಕ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು 'ಟೆಲಿ ಮನಸ್' ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಯಿತ ಕಟ್ಟಿಸಲು ಓಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ಫೋನನ್ನು ಏನು ಮಾಡಬೇಕು? ಮಗುವಿನ ಜೊತೆ ಕುಳಿತು ಬಳಸಬೇಕು. ತಂದೆಯಾದವರು ಪೇಟೆಯ ದರ ನೋಡುವಾಗ ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕರೆಯಿರಿ. ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ 2025ರ ಹಂಗಾಮಿಗೆ ಕ್ವಿಂಟಾಲಿಗೆ 12,100 ರೂಪಾಯಿ ಇತ್ತು, 2026ರ ಹಂಗಾಮಿಗೆ 12,500. ಕಿಲೋಗೆ ಎಷ್ಟು ಹೆಚ್ಚಾಯಿತು? ಇಂದಿನ ಪೇಟೆ ದರಕ್ಕೂ ಇದಕ್ಕೂ ಅಂತರವೆಷ್ಟು? ಐವತ್ತು ಕಿಲೋದ ಒಂದು ಚೀಲಕ್ಕೆ ಎಷ್ಟಾದೀತು? ಐದನೇ ತರಗತಿಯ ಮಗು ಈ ಲೆಕ್ಕಗಳನ್ನು ಬೆರಳು ಮಡಿಸಿ ಮಾಡಲಿ, ತಪ್ಪಲಿ, ಮತ್ತೆ ಮಾಡಲಿ. ಭಾಗಾಕಾರ ಕಲಿಸುವ ಯಾವ ಆ್ಯಪ್‌ನಲ್ಲೂ ಅಬ್ಬಾನ ವ್ಯಾಪಾರದ ಲೆಕ್ಕ ಇರುವುದಿಲ್ಲ. ತನ್ನ ಮನೆಯ ಅನ್ನ ಎಲ್ಲಿಂದ ಬರುತ್ತದೆಂದೂ ಮಗುವಿಗೆ ತಿಳಿಯುತ್ತದೆ.

ಮನೆಯ ಹೊರಗೆ ಎರಡು ಜಾಗಗಳಿವೆ. ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ, ಅಂದರೆ ಈಗ 'ಅರಿವು ಕೇಂದ್ರ' ಎನ್ನುವಲ್ಲಿಗೆ ಮಕ್ಕಳನ್ನು ಕಳುಹಿಸಿರಿ. ಶಾಲೆ ಮುಚ್ಚಿದ್ದ 2020ರ ನವೆಂಬರ್‌ನಲ್ಲಿ ಪಂಚಾಯತ್ ರಾಜ್ ಇಲಾಖೆ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭಿಸಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಹಲವು ಕೇಂದ್ರಗಳಲ್ಲಿ ಕಂಪ್ಯೂಟರುಗಳೂ ಇವೆ. ಅಲ್ಲಿ ಮಗು ಪರದೆ ನೋಡಿದರೂ ನಾಲ್ಕು ಜನರ ನಡುವೆ ಕುಳಿತು ನೋಡುತ್ತದೆ. ಪಟ್ಟಣದವರಿಗೆ ಸಾರ್ವಜನಿಕ ಗ್ರಂಥಾಲಯವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ನಿಮ್ಮ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ರಸೀದಿ ತೆಗೆದು ನೋಡಿರಿ. ದುಡ್ಡು ಕೊಟ್ಟ ಮೇಲೆ ಪುಸ್ತಕ ಕೇಳದೆ ಇರುವ ಗಿರಾಕಿಗಳು ನಾವು! ನಮ್ಮ ಮೊಹಲ್ಲಾದಲ್ಲಿ ಮಕ್ಕಳ ವಿಭಾಗ ಬೇಕು, ಕನ್ನಡದ ಜೊತೆ ಉರ್ದು ಪುಸ್ತಕಗಳೂ ಬೇಕು ಎಂದು ಜಮಾಅತ್‌ನವರು ಲಿಖಿತವಾಗಿ ಕೇಳಲಿ. ಶಾದಿ ಮಹಲ್‌ಗೆ ಮಾರ್ಬಲ್ ಹಾಸಲು ಚಂದಾ ಎತ್ತುವವರು ಮಸೀದಿಯ ಪಕ್ಕದ ಒಂದು ಕೋಣೆಯನ್ನು ಸಂಜೆಯ ಎರಡು ಗಂಟೆ ಮಕ್ಕಳ ಓದಿಗಾಗಿ ತೆರೆಯಬಹುದು, ಹುಡುಗಿಯರಿಗೂ ಸೇರಿಸಿ. ಪದವಿ ಓದುತ್ತಿರುವ ಇಬ್ಬರು ಯುವಕರೋ ಯುವತಿಯರೋ ಅಲ್ಲಿ ಕುಳಿತುಕೊಂಡರೆ ಸಾಕು, ಯಂತ್ರಗಳ ಅಗತ್ಯವಿಲ್ಲ. ಇನ್ನೊಂದು ಜಾಗ ಶಾಲೆ. ಸರಕಾರಿ ಶಾಲೆಯ ಎಸ್‌ಡಿಎಂಸಿ ಹೆತ್ತವರ ಸಮಿತಿ. ಅದರ ಸಭೆಗೆ ಹೋಗದವರು ಶಿಕ್ಷಕರಿಲ್ಲವೆಂದು ಚಹಾದ ಅಂಗಡಿಯಲ್ಲಿ ಕುಳಿತು ದೂರಿ ಪ್ರಯೋಜನವಿಲ್ಲ.

ಪರದೆಯ ಆ ಬದಿಯಿಂದ ಒಬ್ಬ ತಾಯಿ ಚೀಟಿ ಕಳುಹಿಸಿದ್ದಾರೆ. 'ನನಗೆ ಕನ್ನಡ ಓದಲು ಬರುವುದಿಲ್ಲ. ಉರ್ದು ಸ್ವಲ್ಪ ಬರುತ್ತದೆ. ಇವರು ರಾತ್ರಿ ತಡವಾಗಿ ಬರುತ್ತಾರೆ. ಮಗಳು ನಾಲ್ಕನೇ ತರಗತಿ, ಕನ್ನಡ ಮಾಧ್ಯಮ. ಅವಳಿಗೆ ಪಾಠ ಹೇಳಿಕೊಡಲು ಮೊಬೈಲ್ ಬಿಟ್ಟರೆ ನಮ್ಮ ಮನೆಯಲ್ಲಿ ಯಾರಿದ್ದಾರೆ?' ಎಂದು ಕೇಳಿದ್ದಾರೆ.

ಸಹೋದರಿ, ನೀವಿದ್ದೀರಿ. ಇಶಾ ನಮಾಝಿನ ನಂತರ, ಅಥವಾ ರೊಟ್ಟಿ ತಟ್ಟುವಾಗಲೇ ಆಗಲಿ, ಮಗಳನ್ನು ಪಕ್ಕದಲ್ಲಿ ಕೂರಿಸಿ ಇಂದಿನ ಕನ್ನಡ ಪಾಠವನ್ನು ಗಟ್ಟಿಯಾಗಿ ಓದಲು ಹೇಳಿರಿ. ತಡವರಿಸಿದರೆ ನಿಮಗೆ ಕಿವಿಯಲ್ಲೇ ತಿಳಿಯುತ್ತದೆ, ಅಕ್ಷರ ಬರಬೇಕಾಗಿಲ್ಲ. ತಡವರಿಸಿದ ಸಾಲನ್ನು ಮತ್ತೊಮ್ಮೆ ಓದಿಸಿರಿ. ಆಮೇಲೆ ಪುಸ್ತಕ ಮುಚ್ಚಿಸಿ, ಆ ಪಾಠದಲ್ಲಿ ಏನಿತ್ತೆಂದು ನಿಮ್ಮ ಭಾಷೆಯಲ್ಲಿ ಹೇಳಲು ಕೇಳಿರಿ. ಕನ್ನಡದಲ್ಲಿ ಓದಿದ್ದನ್ನು ದಖನಿಯಲ್ಲಿ ಹೇಳಬೇಕಾದರೆ ಅವಳಿಗೆ ಅರ್ಥವಾಗಿರಲೇಬೇಕು. ನಿಮಗೆ ತಿಳಿಯದಿದ್ದರೆ 'ನನಗೆ ಸಮಝಾಗಲಿಲ್ಲ ಬೇಟಿ, ಇನ್ನೊಮ್ಮೆ ಹೇಳು' ಎನ್ನಿರಿ. ಅವಳಿಗೂ ತಿಳಿಯದ ಪದವಿದ್ದರೆ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಸಿ, ಮರುದಿನ ಟೀಚರನ್ನು ಕೇಳಿಕೊಂಡು ಬರಲು ಹೇಳಿ ಕಳುಹಿಸಿರಿ. ಸಂಜೆ ಅವಳು ಬಂದಾಗ ಆ ಪದದ ಅರ್ಥವನ್ನು ನೆನಪಿಟ್ಟು ಕೇಳಿರಿ.